ನೆಲದಡಿಯ ಲಂಡನ್

ನಗರದ ನಕಾಶೆಯನ್ನು ಬಿಡಿಸಿ ನೋಡಿದರೆ ಬೀದಿಗಳು, ಸೇತುವೆಗಳು, ಉದ್ಯಾನಗಳು ಕಾಣುತ್ತವೆ. ಆದರೆ ಅವೆಲ್ಲವನ್ನೂ ಹೊತ್ತು ನಿಂತ ನೆಲದ ಒಳಗೇನಿದೆ ಎಂಬುದನ್ನು ಆ ನಕಾಶೆ ಹೇಳುವುದಿಲ್ಲ. ಬಾವಿ ತೋಡುವವನಿಗೆ ಈ ಕೊರತೆಯ ಅರಿವುಂಟು. ಒಂದೆಡೆ ಮೆದುಮಣ್ಣು ಸಿಕ್ಕಿದರೆ ಕೂಗಳತೆಯ ದೂರದಲ್ಲಿ ಬಂಡೆ ಎದುರಾಗಬಹುದು. ಲಕ್ಷಾಂತರ ಜನ ವಾಸಿಸುವ ಮಹಾನಗರದಲ್ಲಿ ಇಂಥ ಅನಿಶ್ಚಯ ಪ್ರಾಣಕ್ಕೇ ಎರವಾಗುವುದುಂಟು. ಲಂಡನ್ ನಗರದ ಇತಿಹಾಸವೇ ಇದಕ್ಕೆ ಸಾಕ್ಷಿ.

1825ರಲ್ಲಿ ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರು ಥೇಮ್ಸ್ ನದಿಯ ಕೆಳಗೆ ಸುರಂಗ ಕೊರೆಯುವ ಸಾಹಸಕ್ಕೆ ಕೈಹಾಕಿದನು. ನದಿಯ ತಳದಡಿ ಗಟ್ಟಿಯಾದ ಜೇಡಿಮಣ್ಣಿನ ಪದರವಿದೆ ಎಂಬ ನಂಬಿಕೆಯೇ ಈ ಕಾರ್ಯಕ್ಕೆ ಆಧಾರವಾಗಿತ್ತು. ಆದರೆ ಆ ಪದರ ಎಲ್ಲೆಡೆಯೂ ಒಂದೇ ದಪ್ಪವಾಗಿರಲಿಲ್ಲ. 1827ರಲ್ಲಿ ನದಿಯ ನೀರು ಸುರಂಗದೊಳಕ್ಕೆ ನುಗ್ಗಿತು. ಮರುವರ್ಷ ಮತ್ತೆ ನುಗ್ಗಿದಾಗ ಆರು ಮಂದಿ ಕೆಲಸಗಾರರು ಅಸುನೀಗಿದರು. ಬ್ರುನೆಲನ ಮಗ ಇಸಂಬಾರ್ಡ್ ಕೂದಲೆಳೆಯಷ್ಟರಲ್ಲಿ ಪಾರಾದನು. ಕೆಲಸ ಏಳು ವರ್ಷ ನಿಂತುಹೋಯಿತು. ಸುರಂಗ ಜನರ ಓಡಾಟಕ್ಕೆ ತೆರೆದದ್ದು 1843ರಲ್ಲಿ.

ಲಂಡನ್ನಿನ ನೆಲ ಒಂದರ ಮೇಲೊಂದು ಪೇರಿಸಿದ ಪದರಗಳಿಂದಾಗಿದೆ. ಆಳದಲ್ಲಿರುವುದು ಸೀಮೆಸುಣ್ಣದ ಕಲ್ಲು. ಪ್ರಾಚೀನ ಸಮುದ್ರದಲ್ಲಿ ಬದುಕಿದ್ದ ಅತಿಸೂಕ್ಷ್ಮ ಜೀವಿಗಳ ಚಿಪ್ಪುಗಳು ಕೋಟ್ಯಂತರ ವರ್ಷಗಳ ಕಾಲ ತಳಕ್ಕಿಳಿದು ಈ ಕಲ್ಲಾಯಿತು. ಇದು ನಗರದ ಅಡಿಯಲ್ಲಿ ಬಟ್ಟಲಿನಂತೆ ಬಾಗಿದೆ. ಇದರ ಮೇಲೆ ಮರಳು ಮತ್ತು ಮಿಶ್ರಮಣ್ಣಿನ ಪದರಗಳಿವೆ. ಅವುಗಳ ಮೇಲಿರುವುದು ಸುಮಾರು ಐದು ಕೋಟಿ ವರ್ಷಗಳ ಹಿಂದಿನ ಕಡಲು ಬಿಟ್ಟುಹೋದ ಲಂಡನ್ ಜೇಡಿಮಣ್ಣು. ಎಲ್ಲಕ್ಕೂ ಮೇಲೆ ಥೇಮ್ಸ್ ನದಿ ಹಾಸಿದ ಜಲ್ಲಿ, ಮೆಕ್ಕಲು ಮಣ್ಣು ಮತ್ತು ಮನುಷ್ಯನೇ ತುಂಬಿದ ಮಣ್ಣು ಇವೆ.

ಜೇಡಿಮಣ್ಣು ನೀರನ್ನು ಸುಲಭವಾಗಿ ಬಿಟ್ಟುಕೊಡದು, ಕೊರೆಯುವುದೂ ಸುಲಭ. ಆದುದರಿಂದಲೇ ನೆಲದಾಳದ ರೈಲುಮಾರ್ಗಗಳು ಥೇಮ್ಸ್ ನದಿಯ ಉತ್ತರಕ್ಕೆ ಹೆಚ್ಚಾಗಿ ಹರಡಿವೆ. ದಕ್ಷಿಣದಲ್ಲಿ ಆ ಪದರ ಹಲವೆಡೆ ತೆಳುವಾಗಿದೆ, ಇಲ್ಲವೆ ಇಲ್ಲವೇ ಇಲ್ಲ. ಅಲ್ಲಿ ಮರಳಿನೊಡನೆ ನೀರೂ ಎದುರಾಗುತ್ತದೆ.

ಇಂಥ ನೆಲವನ್ನು ಹಾಳೆಯ ಮೇಲೆ ತೋರಿಸುವುದು ಹೇಗೆ? 1815ರಲ್ಲಿ ವಿಲಿಯಂ ಸ್ಮಿತ್ ಇಂಗ್ಲೆಂಡಿನ ಶಿಲೆಗಳನ್ನು ಬಣ್ಣಗಳಿಂದ ಗುರುತಿಸಿದ ನಕಾಶೆಯನ್ನು ಪ್ರಕಟಿಸಿದನು. 1835ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣೆ ಆರಂಭವಾಯಿತು. ಆದರೆ ಹಾಳೆಗೆ ಇರುವುದು ಉದ್ದ ಮತ್ತು ಅಗಲ ಮಾತ್ರ. ಮೂರನೆಯ ಆಯಾಮವಾದ ಆಳವನ್ನು ಪೂರ್ಣವಾಗಿ ಕಾಣಿಸಲು ಗಣಕಯಂತ್ರವೇ ಬರಬೇಕಾಯಿತು.

ಇದರ ಕ್ರಮ ಹೀಗಿದೆ. ಕಟ್ಟಡಕ್ಕಾಗಿಯೋ ನೀರಿಗಾಗಿಯೋ ನೆಲ ಕೊರೆದಾಗ, ಎಷ್ಟು ಆಳದಲ್ಲಿ ಯಾವ ಮಣ್ಣು ಸಿಕ್ಕಿತೆಂಬುದನ್ನು ದಾಖಲಿಸುತ್ತಾರೆ. ಸಾಲಾಗಿರುವ ಇಂಥ ಕೊಳವೆಗಳ ದಾಖಲೆಗಳನ್ನು ಜೋಡಿಸಿದರೆ ನೆಲವನ್ನು ಸೀಳಿ ನೋಡಿದಂತಹ ಒಂದು ಚಿತ್ರ ಮೂಡುತ್ತದೆ. ಅನೇಕ ಸೀಳುಚಿತ್ರಗಳನ್ನು ಹಾಸುಹೊಕ್ಕಾಗಿ ಹೆಣೆಯುತ್ತಾರೆ. ಅವುಗಳ ನಡುವೆ ಪ್ರತಿಯೊಂದು ಪದರದ ಏರಿಳಿತವನ್ನು ಗಣಕಯಂತ್ರ ಲೆಕ್ಕಹಾಕುತ್ತದೆ. ಹೀಗೆ ಸಿದ್ಧವಾದ ಪ್ರತಿರೂಪವನ್ನು ಬೇಕಾದಲ್ಲಿ ಕತ್ತರಿಸಿ ನೋಡಬಹುದು. ಲಂಡನ್ ಮತ್ತು ಥೇಮ್ಸ್ ಕಣಿವೆಯ ಸುಮಾರು 4,800 ಚದರ ಕಿಲೋಮೀಟರ್ ಪ್ರದೇಶಕ್ಕೆ ಸರ್ವೇಕ್ಷಣೆಯು ರಚಿಸಿದ ಇಂಥ ಪ್ರತಿರೂಪದ ವಿವರಣೆ 2014ರಲ್ಲಿ ಪ್ರಕಟವಾಯಿತು.

ಇದರ ಉಪಯೋಗ ಸುರಂಗಗಳಿಗಷ್ಟೇ ಸೀಮಿತವಲ್ಲ. ಸೀಮೆಸುಣ್ಣದ ಕಲ್ಲು ಅಂತರ್ಜಲದ ಭಂಡಾರ. ಕಾರ್ಖಾನೆಗಳು ಎಡೆಬಿಡದೆ ನೀರೆತ್ತಿದ್ದರಿಂದ 1960ರ ದಶಕದ ವೇಳೆಗೆ ನಗರದ ಮಧ್ಯಭಾಗದಲ್ಲಿ ಅಂತರ್ಜಲ ಬಹಳ ಕೆಳಗಿಳಿದಿತ್ತು. ಕಾರ್ಖಾನೆಗಳ ಬಳಕೆ ತಗ್ಗಿದ ಮೇಲೆ ನೀರು ಮತ್ತೆ ಏರತೊಡಗಿ ಸುರಂಗಗಳಿಗೂ ಅಡಿಪಾಯಗಳಿಗೂ ಅಪಾಯ ಒದಗಿತು. 1990ರ ದಶಕದಲ್ಲಿ, ಲೆಕ್ಕವಿಟ್ಟು ನೀರೆತ್ತುವ ಯೋಜನೆ ರೂಪುಗೊಂಡಿತು. ನೀರು ಯಾವ ಪದರದಲ್ಲಿ ಸಾಗುತ್ತದೆ, ಯಾವುದು ಅದನ್ನು ತಡೆಯುತ್ತದೆ ಎಂಬುದು ತಿಳಿಯದೆ ಇಂಥ ಯೋಜನೆ ಅಸಾಧ್ಯ.

ಆದರೂ ಈ ನಕಾಶೆ ಎಲ್ಲವನ್ನೂ ಬಲ್ಲುದೆಂದು ಭಾವಿಸಬಾರದು. ಎರಡು ಕೊಳವೆಗಳ ನಡುವಿನ ನೆಲ ಕೇವಲ ಊಹೆ. ಬ್ಯಾಟರ್ಸೀ ಮೊದಲಾದೆಡೆ ಜಲ್ಲಿ, ಮರಳು ತುಂಬಿದ ಆಳವಾದ ಗುಂಡಿಗಳು ಜೇಡಿಮಣ್ಣಿನೊಳಗೆ ಅಡಗಿವೆ. ಮೇಲೆ ಅವುಗಳ ಸುಳಿವೇ ಇಲ್ಲ. 2022ರಲ್ಲಿ ಆರಂಭವಾದ ಎಲಿಜಬೆತ್ ರೈಲುಮಾರ್ಗಕ್ಕಾಗಿ ಫ್ಯಾರಿಂಗ್ಡನ್ ನಿಲ್ದಾಣವನ್ನು ಕೊರೆಯುವಾಗ ಸ್ತರಭಂಗಗಳೂ ನೀರು ತುಂಬಿದ ಮರಳೂ ಇದ್ದವು. ಅಲ್ಲಿ ಭೂವಿಜ್ಞಾನಿಗಳು ಅಗೆತ ಮುಂದುವರಿದಂತೆಲ್ಲ ಕಣ್ಣಿಗೆ ಬಿದ್ದ ಮಣ್ಣನ್ನು ದಾಖಲಿಸಿ, ಪ್ರತಿರೂಪವನ್ನು ತಿದ್ದುತ್ತ, ಮುಂದೇನು ಬರಬಹುದೆಂದು ಕೆಲಸಗಾರರಿಗೆ ತಿಳಿಸಿದರು.

ಬ್ರುನೆಲನ ಕಾಲದ ಕೆಲಸಗಾರರಿಗೆ ಇಂಥ ಮುನ್ನೆಚ್ಚರಿಕೆ ದೊರೆತಿರಲಿಲ್ಲ. ಅವರು ಅಗೆದ ಸುರಂಗದಲ್ಲಿ ಇಂದಿಗೂ ರೈಲುಗಳು ಓಡುತ್ತಿವೆ.