ಪೊಸೆಷನ್ ಸಿಕ್ಕಿದರೆ ಮನೆ ನಿಮ್ಮದಾಯ್ತಾ?

ಬೆಂಗಳೂರಲ್ಲಿ ಫ್ಲಾಟ್ ತಗೊಂಡವರು ಖುಷಿಯಿಂದ ಹೇಳ್ತಾರೆ: ‘ವಿ ಟುಕ್ ದ ಪೊಸೆಷನ್!’ ಇಲ್ಲಿ ಆ ‘ದ’ ಬೇಡ. ‘ವಿ ಟುಕ್ ಪೊಸೆಷನ್ ಆಫ್ ದ ಫ್ಲಾಟ್’ ಅನ್ನಿ.

ಹಾಗಂತ ‘ದ’ ಎಲ್ಲ ಕಡೆಯೂ ತಪ್ಪಲ್ಲ. ‘ರವಿ ಈಸ್ ಇನ್ ಪೊಸೆಷನ್ ಆಫ್ ದ ಫ್ಲಾಟ್.’ ಮನುಷ್ಯ ಮೊದಲು ಬಂದ, ಪೊಸೆಷನ್‌ಗೆ ‘ದ’ ಇಲ್ಲ. ‘ದ ಫ್ಲಾಟ್ ಈಸ್ ಇನ್ ದ ಪೊಸೆಷನ್ ಆಫ್ ರವಿ.’ ಮನೆ ಮೊದಲು ಬಂತು, ‘ದ’ ಬಂತು. ಎರಡರ ಅರ್ಥವೂ ಒಂದೇ: ಫ್ಲಾಟ್ ರವಿ ವಶದಲ್ಲಿದೆ.

ವಶದಲ್ಲಿದೆ ಅಷ್ಟೇ! ರವಿ ಅದರ ಮಾಲೀಕ ಅಂತ ಈ ಮಾತು ಹೇಳೋದಿಲ್ಲ. ಬಾಡಿಗೆಗೆ ಇರೋರ ಹತ್ತಿರವೂ ಪೊಸೆಷನ್ ಇರುತ್ತೆ. ನನಗೆ ವ್ಯಾಕರಣಕ್ಕಿಂತ ಇದೇ ಮುಖ್ಯ, ಯಾಕಂದ್ರೆ ಜೀವಮಾನದ ಉಳಿತಾಯ ಹಾಕಿರ್ತೀರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ, ಮನೆಯಂಥ ಸ್ಥಿರಾಸ್ತಿಯ ಬೆಲೆ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ರೆ, ಮಾರಾಟಕ್ಕೆ ನೋಂದಣಿಯಾದ ಪತ್ರವೇ ಬೇಕು. ಬೀಗದ ಕೈ, ಪೊಸೆಷನ್ ಲೆಟರ್ ಸಾಲದು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಮಾಡಿಸಿಕೊಳ್ಳಿ. ಆಮೇಲೆ ಧೈರ್ಯವಾಗಿ ಹೇಳಿ: ‘ವಿ ಓನ್ ದ ಫ್ಲಾಟ್.’