ಕಲೋಂಜಿ ಕುದಿಸಿದರೆ ಸಾರ ಸಿಗುವುದೇ?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಅನೇಕರು ಕಲೋಂಜಿಯನ್ನು ಜೋಶಾಂದಾದಂತೆ ಕುದಿಸಿ ಕುಡಿಯುತ್ತಾರೆ. ಅದರ ಮುಖ್ಯ ಸಾರ ಥೈಮೋಕ್ವಿನೋನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಕುದಿಸಿದಷ್ಟೂ ಆವಿಯಾಗುತ್ತದೆ. ಆಗತಾನೇ ಪುಡಿ ಮಾಡಿ ಕಾಲು ಚಮಚ ಮೊಸರಿಗೆ ಹಾಕಿಕೊಳ್ಳಿ. ಮೆಂತ್ಯದ ಲೋಳೆಗಾದರೆ ತಣ್ಣೀರೇ ಸಾಕು.

ಚಿಕ್ಕಬಳ್ಳಾಪುರ ಸೀಮೆಯ ನೀಲಿ ದ್ರಾಕ್ಷಿ ಬೀಜದ ಒಗರು ಸಾರಕ್ಕೆ ಬರೀ ನೀರೂ ಸಾಲದು, ಬರೀ ಎಥನಾಲೂ ಸಾಲದು. ಎರಡನ್ನೂ ಹೆಚ್ಚುಕಡಿಮೆ ಸಮವಾಗಿ ಬೆರೆಸಿದರೆ ಹೆಚ್ಚು ಇಳಿಯುತ್ತದೆ. ಕಾರ್ಖಾನೆಗಳಲ್ಲಿ ಎಥನಾಲನ್ನು ಆಮೇಲೆ ಆವಿಯಾಗಿಸುತ್ತಾರೆ. ಹಲಾಲ್ ಬಗ್ಗೆ ಯೋಚಿಸುವವರು ಕ್ಯಾಪ್ಸೂಲ್ ಕೊಳ್ಳುವಾಗ ಇದನ್ನು ಕೇಳಬಹುದು. ಮನೆಯಲ್ಲಿ ಮಾತ್ರ ಸ್ಪಿರಿಟ್ ಸುರಿದು ಪ್ರಯತ್ನಿಸಬೇಡಿ. ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣೇ ಹೋದೀತು.

ಇನ್ನು, ಬೀಜ ಶುರುಮಾಡಿದೆನೆಂದು ಶುಗರ್ ಮಾತ್ರೆ ಬಿಡಬೇಡಿ. ಗರ್ಭಿಣಿಯರು ಹಕೀಮರನ್ನೋ ಡಾಕ್ಟರನ್ನೋ ಕೇಳದೆ ತೆಗೆದುಕೊಳ್ಳಬೇಡಿ.