ಕಿವಿಯಲ್ಲೇ ನಾಡಿ ನೋಡುವ ಯಂತ್ರ

ಇಯರ್‌ಫೋನ್ ಎಂದರೆ ಪ್ರವಚನ ಕೇಳಲು, ಫೋನಿನಲ್ಲಿ ಮಾತನಾಡಲು ಎಂದಷ್ಟೇ ನೀವು ತಿಳಿದಿರಬಹುದು. ಈಗ ಅದು ನಿಮ್ಮ ನಾಡಿಯನ್ನೂ ನೋಡುತ್ತದೆ. 2024ರಲ್ಲಿ ಸೆನ್‌ಹೈಸರ್ ಕಂಪೆನಿಯು ಹೃದಯ ಬಡಿತದ ಜೊತೆಗೆ ದೇಹದ ಉಷ್ಣತೆಯನ್ನೂ ಅಳೆಯುವ ಇಯರ್‌ಫೋನ್ ತಂದಿತು. 2025ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪೆನಿಯು ಏರ್‌ಪಾಡ್ಸ್ ಪ್ರೊ 3ರಲ್ಲಿ ನಾಡಿ ಎಣಿಸುವ ಸೆನ್ಸರ್ ಅಳವಡಿಸಿತು. ಬಿಡುಗಡೆಯಾದಾಗ ನಮ್ಮಲ್ಲಿ ಅದರ ಬೆಲೆ 25,900 ರೂಪಾಯಿ. ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ದುಡಿಯುವ ಮಕ್ಕಳು ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿರುವ ಅಬ್ಬಾ-ಅಮ್ಮಿಗೆಂದು ಇಂಥದ್ದನ್ನು ಕೊಳ್ಳುವ ಮುನ್ನ ಒಂದಿಷ್ಟು ತಿಳಿದುಕೊಳ್ಳುವುದು ಒಳಿತು.

ಬೆಳಕಿನ ಲೆಕ್ಕ

ಹೃದಯ ಬಡಿದಾಗಲೆಲ್ಲ ಕಿವಿಯ ಸಣ್ಣ ರಕ್ತನಾಳಗಳು ತುಂಬಿ ಇಳಿಯುತ್ತವೆ. ಸೆನ್ಸರ್ ಚರ್ಮದ ಮೇಲೆ ಬೆಳಕು ಹಾಯಿಸಿ, ಮರಳಿ ಬರುವ ಬೆಳಕಿನ ಏರಿಳಿತದಿಂದ ಬಡಿತಗಳನ್ನು ಎಣಿಸುತ್ತದೆ. ಏರ್‌ಪಾಡ್ಸ್‌ನಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಸೆಕೆಂಡಿಗೆ 256 ಬಾರಿ ಮಿನುಗುತ್ತದೆ. ಇದು ತೀರಾ ಹೊಸ ವಿದ್ಯೆಯಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲೇ ವಿಮಾನ ಚಾಲಕರ ರಕ್ತದ ಆಮ್ಲಜನಕ ತಿಳಿಯಲು ಕಿವಿಗೆ ಸಿಕ್ಕಿಸುವ ಉಪಕರಣವಿತ್ತು. ಕೋವಿಡ್ ದಿನಗಳಲ್ಲಿ ನೀವು ಬೆರಳಿಗೆ ಹಾಕಿಕೊಂಡ ಆಕ್ಸಿಮೀಟರ್ ಅದೇ ವಂಶದ್ದು.

ಅಂಕಿಯೊಂದೇ ಸಾಲದು

ಆ ದಿನಗಳನ್ನು ನಮ್ಮ ಜಿಲ್ಲೆ ಮರೆಯಲಾರದು. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ 24 ರೋಗಿಗಳು ಕೊನೆಯುಸಿರೆಳೆದರು. ಆಮ್ಲಜನಕ ಇಳಿಯುತ್ತಿದೆ ಎಂದು ಯಂತ್ರ ಹೇಳಬಲ್ಲದು. ಸಿಲಿಂಡರ್ ತಂದುಕೊಡುವುದು ಮನುಷ್ಯರ ಕೆಲಸ. ಯಂತ್ರ ತೋರಿಸುವ ಅಂಕಿಯ ಹಿಂದೆ ವೈದ್ಯರು, ಔಷಧಿ, ವಾಹನ ಇದ್ದರೆ ಮಾತ್ರ ಅದಕ್ಕೆ ಬೆಲೆ.

ಈ ಇಯರ್‌ಫೋನ್‌ಗಳಲ್ಲಿ ನಾಡಿ ಎಣಿಸುವ ಸೌಲಭ್ಯ ಇರುವುದು ಮುಖ್ಯವಾಗಿ ವ್ಯಾಯಾಮ ಮಾಡುವವರಿಗೆಂದು. ಇವು ಇಸಿಜಿ ತೆಗೆಯುವುದಿಲ್ಲ, ಹೃದಯಾಘಾತವನ್ನು ಪತ್ತೆ ಹಚ್ಚುವುದಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆಗೂ ಇವು ಬದಲಿಯಲ್ಲ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನಾಡಿ ಸರಿಯಾಗಿದೆ ಎಂದು ಫೋನ್ ತೋರಿಸಿದರೂ ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ರಾಜ್ಯ ಸರಕಾರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದ್ರೋಗ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇಂದೇ ವಿಚಾರಿಸಿಡಿ. ಹನೂರಿನ ಕಾಡಂಚಿನ ಹಳ್ಳಿಗಳಲ್ಲಿರುವವರು ರಾತ್ರಿ ಕರೆದರೆ ಬರುವ ವಾಹನದವರ ನಂಬರನ್ನೂ ಗೋಡೆಯ ಮೇಲೆ ಬರೆದಿಡಿ.

ಕಿವಿಯೂ ಅಮಾನತ್ತು

ಶರೀರ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ನಾಡಿ ನೋಡುವ ನೆಪದಲ್ಲಿ ಕಿವಿಯನ್ನೇ ಕಳೆದುಕೊಳ್ಳಬಾರದು. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೇಷ್ಮೆ ಮಗ್ಗಗಳ ಸದ್ದಿನ ನಡುವೆ ಕೆಲಸ ಮಾಡುವ ಯುವಕರು ಆ ಸದ್ದನ್ನು ಮೀರಿಸಲು ಇಯರ್‌ಫೋನಿನ ವಾಲ್ಯೂಮ್ ಏರಿಸಿದರೆ ಕಿವಿಗೆ ಎರಡು ಪಟ್ಟು ಪೆಟ್ಟು. ಮಾತು ಸ್ಪಷ್ಟವಾಗಿ ಕೇಳದಿದ್ದರೆ, ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ನಿಮ್ಮ ನಾಡಿಯ ಲೆಕ್ಕ ಫೋನಿನ ಆ್ಯಪ್‌ಗೆ ಹೋಗುತ್ತದೆ. ಅನುಮತಿ ಕೇಳಿದಾಗ ಓದದೆ ‘ಸರಿ’ ಎಂದು ಒತ್ತಬೇಡಿ. ಮನೆಯ ಗುಟ್ಟಿನಂತೆ ಮೈಯ ಗುಟ್ಟನ್ನೂ ಕಾಪಾಡಬೇಕು.

ಅನುಕೂಲವಿದ್ದವರು ಕೊಳ್ಳಲಿ, ತಪ್ಪಲ್ಲ. ಆದರೆ ಅಬ್ಬಾನ ಬಿ.ಪಿ. ನೋಡಿಸಿ ಎಷ್ಟು ತಿಂಗಳಾಯಿತು, ಅಮ್ಮಿಯ ಮಾತ್ರೆ ಮುಗಿದಿದೆಯೇ ಎಂಬುದನ್ನು ಯಾವ ಯಂತ್ರವೂ ಬಂದು ಕೇಳುವುದಿಲ್ಲ. ಅದನ್ನು ನೀವೇ ಕೇಳಬೇಕು.